ಬೂದಿದಿಬ್ಬಗಳು: ರಾಕ್ಷಸನ ಚಿತೆಯೋ, ದನದ ದೊಡ್ಡಿಯೋ?

ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲೂ ನೆರೆಯ ಆಂಧ್ರ, ತೆಲಂಗಾಣಗಳಲ್ಲೂ ಸಿಗುವ ಪ್ರಾಚೀನ ಬೂದಿಯ ಗುಡ್ಡೆಗಳೇ ಬೂದಿದಿಬ್ಬಗಳು. ಈವರೆಗೆ ನೂರಕ್ಕೂ ಹೆಚ್ಚು ಗುರುತಾಗಿವೆ. ಇವು ಕ್ರಿ.ಪೂ. 3 ಮತ್ತು 2ನೇ ಸಹಸ್ರಮಾನಗಳ ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಕುರುಹು.

ಜನ ಹೇಳಿಕೊಂಡು ಬಂದ ಕಥೆ ಬೇರೆ. ಬಳ್ಳಾರಿ ಸುತ್ತಿನ ಬೂದಿ ಭೀಮ ಕೊಂದ ಹಿಡಿಂಬಾಸುರನ ಚಿತೆಯದಂತೆ. ಹಂಪಿ ಬಳಿಯ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಜಾಗವಂತೆ. ಅಷ್ಟು ಬೂದಿಯಾಗಬೇಕಾದರೆ ಸತ್ತವನು ದೈತ್ಯನೇ ಆಗಿರಬೇಕು ಎಂಬುದು ಸಹಜ ಊಹೆ.

ವಿದ್ವಾಂಸರೂ ದಾರಿ ತಪ್ಪಿದ್ದುಂಟು. 19ನೇ ಶತಮಾನದಲ್ಲಿ ಕೆಲವರು ಇದನ್ನು ಜ್ವಾಲಾಮುಖಿಯ ಬೂದಿ ಎಂದರು. ಇತಿಹಾಸಕಾರ ರಾಬರ್ಟ್ ಸೀವೆಲ್ ವಿಜಯನಗರ ಕಾಲದ ಸಾಮೂಹಿಕ ದಹನಗಳತ್ತ ಬೊಟ್ಟು ಮಾಡಿದರು. ದಿಬ್ಬಗಳ ಮೇಲೆ ಕಲ್ಲಿನ ಕೊಡಲಿ, ಮಡಕೆಚೂರು ಆಯ್ದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ, ಇದು ನವಶಿಲಾಯುಗದವರು ಸುಟ್ಟ ಸಗಣಿ ಎಂದು ಸರಿಯಾಗಿಯೇ ಹೇಳಿದ್ದರು. ಅನುಮಾನಕ್ಕೆ ಕಾರಣ ಬೂದಿಯಲ್ಲಿ ಸಿಗುವ ಗಾಜಿನಂಥ ಗಟ್ಟಿ ಕಿಟ್ಟ. ಹುಲ್ಲು ತಿಂದ ದನದ ಸಗಣಿಯಲ್ಲಿ ಸಿಲಿಕಾ ಇರುತ್ತದೆ. ಕಾವು ವಿಪರೀತವಾದಾಗ ಅದೇ ಕರಗಿ ಹೀಗೆ ಗಟ್ಟಿಯಾಗುತ್ತದೆ. 1960ರ ಹೊತ್ತಿಗೆ ಫ್ರೆಡರಿಕ್ ಝಾಯ್ನರ್ ಪ್ರಯೋಗಾಲಯದ ಪರೀಕ್ಷೆಯಿಂದ ಇದನ್ನು ಖಚಿತಪಡಿಸಿದರು.

ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿದ್ದು ಈಗಿನ ತೆಲಂಗಾಣದ ಉಟ್ನೂರಿನಲ್ಲಿ. 1957ರಲ್ಲಿ ಎಫ್. ಆರ್. ಆಲ್ಚಿನ್ ಅಲ್ಲಿ ಅಗೆಸಿದಾಗ ಬೂದಿಯ ಪದರಗಳ ನಡುವೆ ಬೇಲಿಗೂಟ ನೆಟ್ಟ ಗುಳಿಗಳು ಸಾಲಾಗಿ ಹೊರಬಂದವು. ಜೊತೆಗೆ ದನಗಳ ಗೊರಸಿನ ಗುರುತುಗಳು, ನಾಲ್ಕು ಸಾವಿರ ವರ್ಷ ಕಳೆದರೂ ಅಚ್ಚೊತ್ತಿದ ಹಾಗೇ! ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಗೆ ಆಗಾಗ ಬೆಂಕಿಯಿಡುತ್ತಿದ್ದರು. ಇದು ಹಬ್ಬದ ಆಚರಣೆಯಿರಬಹುದು ಎಂದು ಆಲ್ಚಿನ್ ಭಾವಿಸಿದರು. ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಈ ಮಾತು ದೂರದ್ದೆನಿಸದು. ಮುಂದೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರ ಉತ್ಖನನ ದೊಡ್ಡಿಯ ಪಕ್ಕದಲ್ಲೇ ಜನವಸತಿ, ಕಲ್ಲಿನ ಉಪಕರಣ ತಯಾರಿಸುವ ಜಾಗ, ದನ ಕಡಿಯುತ್ತಿದ್ದ ನೆಲವನ್ನು ತೋರಿಸಿಕೊಟ್ಟಿತು. ಬೂದಿಯ ಆಚೆಗೊಂದು ಇಡೀ ಊರೇ ಇತ್ತು.

ಪುರಾಣದ ಹೆಸರುಗಳು ಇತಿಹಾಸವಲ್ಲ. ಆದರೂ ಅದು ಬೂದಿ, ಅಲ್ಲಿ ಮನುಷ್ಯರೇ ದೊಡ್ಡ ಬೆಂಕಿ ಹಚ್ಚಿದ್ದರು ಎಂಬಷ್ಟನ್ನು ಜ್ವಾಲಾಮುಖಿ ಎಂದವರಿಗಿಂತ ಹಳ್ಳಿಗರೇ ಸರಿಯಾಗಿ ಹಿಡಿದಿದ್ದರು. ಎಷ್ಟೋ ದಿಬ್ಬಗಳ ಬೂದಿ ಹೊಲಕ್ಕೆ ಗೊಬ್ಬರವಾಗಿ ಹೋಗಿದೆ. ಉಳಿದಿರುವುದನ್ನಾದರೂ ಊರಿನವರೂ ಸರ್ಕಾರವೂ ಸೇರಿ ಕಾಯಲೇಬೇಕು.