ಐದು ಗ್ರಾಂ ಸ್ಪರ್ಶದ ಚರಿತ್ರೆ

ತಲೆನೋವೆಂದರೆ ಅಮೃತಾಂಜನ, ಮೈಕೈ ನೋವೆಂದರೆ ಎಣ್ಣೆ ಮತ್ತು ಬಿಸಿನೀರು. ಇಷ್ಟು ನಮಗೆಲ್ಲ ತಿಳಿದ ವೈದ್ಯ. ಇದಕ್ಕೆ ಹೋಲಿಸಿದರೆ ‘ಕ್ರೇನಿಯೋಸೇಕ್ರಲ್’ ಎಂಬ ಹಸ್ತಚಿಕಿತ್ಸೆ ತುಸು ವಿಚಿತ್ರವೆನಿಸುತ್ತದೆ. ಈಗ ನಮ್ಮ ಮಹಾನಗರಗಳಲ್ಲೂ ಇದನ್ನು ಮಾಡುವವರಿದ್ದಾರೆ. ಇಲ್ಲಿ ಎಣ್ಣೆಯಿಲ್ಲ, ತಿಕ್ಕುವುದಿಲ್ಲ, ನೆಟಿಕೆ ಮುರಿಯುವುದಿಲ್ಲ. ಉಟ್ಟ ಬಟ್ಟೆಯಲ್ಲೇ ಅಂಗಾತ ಮಲಗಬೇಕು. ಚಿಕಿತ್ಸಕರು ತಲೆಯ ಕೆಳಗೆ, ಸೊಂಟದ ಕೆಳಗೆ ಅಂಗೈಯಿಟ್ಟು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಸುಮ್ಮನೆ ಕುಳಿತಿರುತ್ತಾರೆ. ಕೈಯ ಒತ್ತಡ ಸುಮಾರು 5 ಗ್ರಾಂ ಮೀರಬಾರದೆಂಬುದು ನಿಯಮ. ನಮ್ಮ ಹಳೆಯ ಲೆಕ್ಕದಲ್ಲಿ ಅರ್ಧ ತೊಲಕ್ಕಿಂತಲೂ ಕಡಿಮೆ! ಆದರೂ ಎದ್ದು ಬಂದವರಲ್ಲಿ ಅನೇಕರು ಮೈಮನಸ್ಸು ಹಗುರಾಯಿತು ಎನ್ನುತ್ತಾರೆ. ಈ ಹಗುರ ಕೈ ಎಲ್ಲಿಂದ ಬಂತು, ಅದರ ಹಿಂದಿನ ವಾದ ಎಷ್ಟು ಗಟ್ಟಿ ಎಂಬುದನ್ನು ನೋಡೋಣ.

ಕಥೆಯ ಮೂಲ ಅಮೆರಿಕದಲ್ಲಿದೆ, ಒಂದು ಮನೆಯ ದುಃಖದಲ್ಲಿದೆ. ಆಂಡ್ರ್ಯೂ ಟೇಲರ್ ಸ್ಟಿಲ್ (1828–1917) ಎಂಬ ವೈದ್ಯ 1864ರಲ್ಲಿ ಮನೆಯ ಮೂರು ಮಕ್ಕಳನ್ನು ಮಿದುಳುಪೊರೆಯ ಜ್ವರಕ್ಕೆ ಕಳೆದುಕೊಂಡ. ಪಾದರಸದಂಥ ವಿಷಗಳನ್ನೇ ಔಷಧವೆಂದು ಕೊಡುತ್ತಿದ್ದ ಕಾಲವದು. ಅಂದಿನ ವೈದ್ಯದಲ್ಲಿ ಸ್ಟಿಲ್‌ಗೆ ನಂಬಿಕೆ ಉಳಿಯಲಿಲ್ಲ. ಮೂಳೆ, ಸ್ನಾಯುಗಳನ್ನು ಕೈಯಿಂದಲೇ ಸರಿಪಡಿಸಿದರೆ ದೇಹ ತನ್ನನ್ನು ತಾನೇ ಗುಣಪಡಿಸಿಕೊಳ್ಳುತ್ತದೆ ಎಂಬ ‘ಆಸ್ಟಿಯೋಪಥಿ’ ಪದ್ಧತಿಯನ್ನು 1874ರಲ್ಲಿ ಸಾರಿದ. 1892ರಲ್ಲಿ ಮಿಸೌರಿ ಸಂಸ್ಥಾನದ ಕರ್ಕ್ಸ್‌ವಿಲ್ ಊರಿನಲ್ಲಿ ಅದಕ್ಕೊಂದು ಶಾಲೆಯನ್ನೂ ತೆರೆದ.

ಆ ಶಾಲೆಗೆ ಬಂದು ಸೇರಿದ ವಿದ್ಯಾರ್ಥಿಗಳಲ್ಲಿ ವಿಲಿಯಂ ಗಾರ್ನರ್ ಸದರ್ಲೆಂಡ್ (1873–1954) ಒಬ್ಬ. ಮೊದಲು ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದವನು. 1899ರಲ್ಲಿ ಶಾಲೆಯಲ್ಲಿ ಬಿಡಿಬಿಡಿಯಾಗಿ ಜೋಡಿಸಿಟ್ಟಿದ್ದ ತಲೆಬುರುಡೆಯೊಂದು ಅವನ ಕಣ್ಣಿಗೆ ಬಿತ್ತು. ನಮ್ಮ ತಲೆಬುರುಡೆ ಒಂದೇ ಗಡಿಗೆಯಲ್ಲ. 22 ಮೂಳೆಗಳ ಜೋಡಣೆ. ಪಕ್ಕದ ಮೂಳೆಗಳ ಅಂಚು ಓರೆಯಾಗಿ ಕೊರೆದಂತಿದ್ದುದನ್ನು ಕಂಡು ಅವನಿಗೆ ಮೀನಿನ ಕಿವಿರು ನೆನಪಾಯಿತು. ಕಿವಿರಿನಂತಿದ್ದರೆ ಉಸಿರಾಟಕ್ಕೇ ಇರಬೇಕು, ಎಂದರೆ ಈ ಮೂಳೆಗಳು ಅಲುಗುತ್ತಿರಬೇಕು ಎಂದು ಊಹಿಸಿದ. ಹುಚ್ಚು ಊಹೆಯೆಂದು ತಾನೇ ತಳ್ಳಿಹಾಕಲು ನೋಡಿದರೂ ಅದು ಬಿಡಲಿಲ್ಲ. ಮರದ ಬೋಗುಣಿ, ಚರ್ಮದ ಪಟ್ಟಿ, ಆಟಗಾರರ ಶಿರಸ್ತ್ರಾಣ ಮುಂತಾದುವನ್ನು ತನ್ನ ತಲೆಗೇ ಬಿಗಿದುಕೊಂಡು ವರ್ಷಗಟ್ಟಲೆ ಪ್ರಯೋಗ ಮಾಡಿದ. 1939ರಲ್ಲಿ ‘ದಿ ಕ್ರೇನಿಯಲ್ ಬೌಲ್’ ಎಂಬ ಪುಸ್ತಕ ಬರೆದ. ಮಿದುಳು ಮತ್ತು ಮಿದುಳುಬಳ್ಳಿಯ ಸುತ್ತಲಿನ ದ್ರವ, ಪೊರೆಗಳು, ಮೂಳೆಗಳು ಎಲ್ಲವೂ ಸೇರಿ ಶ್ವಾಸೋಚ್ಛ್ವಾಸಕ್ಕಿಂತ ಬೇರೆಯಾದ ಒಂದು ಲಯದಲ್ಲಿ ಹಿಗ್ಗಿ ಕುಗ್ಗುತ್ತವೆ, ಕೈಯಿಟ್ಟರೆ ತಿಳಿಯುತ್ತದೆ ಎಂಬುದು ಅವನ ವಾದ.

ಇದು ಬಹುಕಾಲ ಕೆಲವೇ ಆಸ್ಟಿಯೋಪಥಿ ವೈದ್ಯರ ವಿದ್ಯೆಯಾಗಿತ್ತು. ಇದನ್ನು ಹೊರಗೆ ತಂದವನು ಜಾನ್ ಅಪ್ಲೆಡ್ಜರ್ (1932–2012). 1970ರ ಸುಮಾರಿಗೆ ಕುತ್ತಿಗೆಯ ಶಸ್ತ್ರಚಿಕಿತ್ಸೆಯೊಂದರಲ್ಲಿ ಮಿದುಳುಬಳ್ಳಿಯ ಹೊರಪೊರೆಯನ್ನು ಅಲುಗದಂತೆ ಹಿಡಿಯುವುದು ಅವನ ಕೆಲಸವಾಗಿತ್ತು. ಎಷ್ಟು ಹಿಡಿದರೂ ಅದು ಲಯಬದ್ಧವಾಗಿ ಮಿಸುಕುತ್ತಿತ್ತೆಂದು ಅವನು ಬರೆದಿದ್ದಾನೆ. 1975ರಿಂದ 1983ರವರೆಗೆ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ. ತಲೆಬುರುಡೆಯನ್ನೂ ಬೆನ್ನೆಲುಬಿನ ಬುಡದ ‘ಸೇಕ್ರಮ್’ ಮೂಳೆಯನ್ನೂ ಕೂಡಿಸಿ ಪದ್ಧತಿಗೆ ಹೆಸರಿಟ್ಟವನೂ ಅವನೇ. 1985ರಲ್ಲಿ ಫ್ಲಾರಿಡಾದಲ್ಲಿ ತನ್ನ ಹೆಸರಿನ ಸಂಸ್ಥೆ ತೆರೆದು, ವೈದ್ಯರಲ್ಲದವರಿಗೂ ಕಲಿಸತೊಡಗಿದ. ಆಸ್ಟಿಯೋಪಥಿಯವರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಆದರೆ ವಿದ್ಯೆ ದೇಶದೇಶಗಳಿಗೆ ಹಬ್ಬಿದ್ದು ಹೀಗೆಯೇ.

ಇನ್ನು ವಾದದ ಪರೀಕ್ಷೆ. ಒಂದು ಲಯ ನಿಜವಾಗಿ ಇದ್ದರೆ, ಅದನ್ನು ಎಣಿಸಿದ ಇಬ್ಬರ ಲೆಕ್ಕ ತಾಳೆಯಾಗಬೇಕು. ನಾಡಿಯನ್ನು ಡಾಕ್ಟರು ಎಣಿಸಿದರೂ ನರ್ಸು ಎಣಿಸಿದರೂ 72 ಎಂದರೆ 72. 1994ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಮೂವರು ಚಿಕಿತ್ಸಕರು ಅದೇ 12 ಮಂದಿಯ ಲಯವನ್ನು ಎಣಿಸಿದರು. ಒಬ್ಬರ ಸಂಖ್ಯೆಗೂ ಇನ್ನೊಬ್ಬರ ಸಂಖ್ಯೆಗೂ ಹೊಂದಿಕೆಯೇ ಇರಲಿಲ್ಲ. 1998ರಲ್ಲಿ ಒಬ್ಬರು ತಲೆ, ಇನ್ನೊಬ್ಬರು ಪಾದ ಹಿಡಿದು ಒಂದೇ ವೇಳೆಯಲ್ಲಿ ಎಣಿಸಿದರು, ಆಗಲೂ ತಾಳೆಯಾಗಲಿಲ್ಲ. ಮಿದುಳಿನ ಸುತ್ತ ದ್ರವವಿರುವುದು ನಿಜ. ಸುಮಾರು 150 ಮಿಲಿಲೀಟರು. ಅದು ಮಿಡಿಯುವುದೂ ನಿಜ. ಆದರೆ ಆ ಮಿಡಿತಕ್ಕೆ ಹೃದಯವೂ ಉಸಿರೂ ಮುಖ್ಯ ಕಾರಣವೆಂದು ಸ್ಕ್ಯಾನಿನ ಚಿತ್ರಗಳು ತೋರಿಸಿವೆ. ಎಳೆಗೂಸಿನ ನೆತ್ತಿ ಮೆತ್ತಗಿರುತ್ತದೆ, ನಮ್ಮ ಅಜ್ಜಿಯರು ಅದಕ್ಕೆ ಹರಳೆಣ್ಣೆ ಹಾಕುವಾಗ ಕೈಗೆ ಮಿಡಿತ ತಿಳಿಯುತ್ತಿತ್ತು. ಬೆಳೆದವರ ಬುರುಡೆಯಾದರೋ ಬಿಗಿಯಾಗಿ ಹೆಣೆದುಕೊಂಡಿರುತ್ತದೆ. 5 ಗ್ರಾಂ ಒತ್ತಡಕ್ಕೆ ಅದು ಜರುಗುತ್ತದೆಂಬುದಕ್ಕೆ ಆಧಾರ ದೊರೆತಿಲ್ಲ.

ಹಾಗಾದರೆ ಮಲಗಿ ಎದ್ದವರಿಗೆ ಆದ ಆರಾಮ ಸುಳ್ಳೇ? ಇಲ್ಲಿ ನಾವು ಎರಡು ಕಡತಗಳನ್ನು ಬೇರೆಬೇರೆ ಇಡಬೇಕು: ‘ಆರಾಮವಾಯಿತು’ ಎಂಬುದು ಒಂದು, ‘ಇಂಥ ಕಾರಣದಿಂದ ಆಯಿತು’ ಎಂಬುದು ಇನ್ನೊಂದು. ಬಹುಕಾಲದ ಕುತ್ತಿಗೆನೋವಿನ 54 ಮಂದಿಯ ಮೇಲೆ ಜರ್ಮನಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬರೀ ಹಗುರವಾಗಿ ಮುಟ್ಟಿಸಿಕೊಂಡವರಿಗಿಂತ ಈ ಚಿಕಿತ್ಸೆ ಪಡೆದವರ ನೋವು ಹೆಚ್ಚು ತಗ್ಗಿತು. ಆದರೆ 2024ರಲ್ಲಿ ಬಂದ, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ವಿಮರ್ಶೆಯೊಂದು, ಯಾವ ಕಾಯಿಲೆಯಲ್ಲೂ ಇದರಿಂದ ಗಣನೀಯ ಲಾಭ ಕಾಣಲಿಲ್ಲವೆಂದಿತು. ಒಂದು ಪ್ರಯೋಗದ ಮೇಲೆ ತೀರ್ಪು ಬರೆಯುವಂತಿಲ್ಲ.

ಸ್ಪರ್ಶದ ವಿಜ್ಞಾನ ಮಾತ್ರ ಬೇರೆ ದಾರಿಯಲ್ಲಿ ಮುಂದುವರಿದಿದೆ. ನಿಧಾನವಾದ ಹಗುರ ನೇವರಿಕೆಗೆಂದೇ ಓಗೊಡುವ ಸೂಕ್ಷ್ಮ ನರತಂತುಗಳನ್ನು ಸ್ವೀಡನ್ನಿನ ಯೂಂಗ್ವೆ ಸಾಟರ್‌ಮನ್ 1939ರಲ್ಲಿ ಬೆಕ್ಕುಗಳಲ್ಲಿ ಗುರುತಿಸಿದ. ಸದರ್ಲೆಂಡನ ಪುಸ್ತಕ ಬಂದದ್ದೂ ಅದೇ ವರ್ಷವೆಂಬುದು ಚರಿತ್ರೆಯ ತಮಾಷೆ. ಸುಮಾರು ಅರ್ಧ ಶತಮಾನದ ಬಳಿಕ ಅವು ಮನುಷ್ಯರಲ್ಲೂ ಸಿಕ್ಕವು. ಇದು ನೇವರಿಕೆಯ ಮಾತು, ಕೈ ಕದಲದಂತೆ ಇಡುವ ಚಿಕಿತ್ಸೆಗೆ ಇದೇ ಸಾಕ್ಷಿಯೆಂದಲ್ಲ. ಆದರೂ ದಣಿದ ಮನುಷ್ಯ ಒಂದು ಗಂಟೆ ಸದ್ದಿಲ್ಲದ ಕೋಣೆಯಲ್ಲಿ ಮಲಗಿ, ಇನ್ನೊಬ್ಬರ ಪೂರ್ಣ ಗಮನಕ್ಕೆ ಪಾತ್ರನಾದರೆ ಅವನ ಉಸಿರು ನಿಧಾನವಾಗುವುದರಲ್ಲಿ ಆಶ್ಚರ್ಯವೇನು?

ಲೋಕಲ್ ರೈಲಿನಲ್ಲಿ ಎರಡು ಗಂಟೆ ನಿಂತು ಮನೆ ಸೇರುವ ನಮ್ಮಂಥವರಿಗೆ ಅಂಥ ಒಂದು ಗಂಟೆಯೇ ದುರ್ಲಭ. ವಿಶ್ರಾಂತಿಗೆಂದು, ಕೈಲಾದಷ್ಟು ಹಣ ಕೊಟ್ಟು ಹೋಗುವವರನ್ನು ತಡೆಯಬೇಕಾಗಿಲ್ಲ. ಆದರೆ ಮಗುವಿನ ಆಟಿಸಂ ವಾಸಿಯಾಗುತ್ತದೆ, ಫಿಟ್ಸ್ ನಿಲ್ಲುತ್ತದೆ, ಮಾತ್ರೆ ಬಿಡಬಹುದು ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಅಲ್ಲಿಂದ ಎದ್ದು ಬರಬೇಕು. ತಲೆಗೆ ಪೆಟ್ಟು ಬಿದ್ದಿದ್ದರೆ, ಮಿದುಳಿನ ರಕ್ತಸ್ರಾವದ ಶಂಕೆಯಿದ್ದರೆ ಮೊದಲು ಆಸ್ಪತ್ರೆ. ಮಕ್ಕಳನ್ನು ಕಳೆದುಕೊಂಡ ಸ್ಟಿಲ್ ಹುಡುಕಿ ಹೊರಟದ್ದು ಆ ಜ್ವರಕ್ಕೆ ಮದ್ದು. ಅದು ಕೊನೆಗೆ ಸಿಕ್ಕಿದ್ದು ಆಂಟಿಬಯಾಟಿಕ್ ಔಷಧಗಳಲ್ಲಿ, ಲಸಿಕೆಗಳಲ್ಲಿ. ಅವನ ಶಿಷ್ಯಪರಂಪರೆಯಿಂದ ನಮಗೆ ಬಂದದ್ದು ನೆಮ್ಮದಿ ಕೊಡಬಲ್ಲ ಒಂದು ಹಗುರ ಕೈ. ಅದನ್ನು ನೆಮ್ಮದಿಯೆಂದೇ ಸ್ವೀಕರಿಸೋಣ, ಮದ್ದೆಂದು ಎಣಿಸದಿರೋಣ.