ಕ್ರಿಸ್‌ಮಸ್ ಪ್ರಣಯಚಿತ್ರ
ಕ್ರಿಸ್‌ಮಸ್ ದಿನಗಳಲ್ಲಿ ನಡೆಯುವ ಪ್ರೇಮಕಥೆಯುಳ್ಳ, ಮುಖ್ಯವಾಗಿ ಕಿರುತೆರೆಗಾಗಿ ಕಡಿಮೆ ವೆಚ್ಚದಲ್ಲಿ ತಯಾರಾಗುವ ಉತ್ತರ ಅಮೆರಿಕದ ಚಲನಚಿತ್ರ ಪ್ರಕಾರ. ಹಾಲ್‌ಮಾರ್ಕ್ ವಾಹಿನಿಯು 2009ರಲ್ಲಿ ಆರಂಭಿಸಿದ 'ಕೌಂಟ್‌ಡೌನ್ ಟು ಕ್ರಿಸ್‌ಮಸ್' ಪ್ರಸಾರಮಾಲೆಯಿಂದ ಜನಪ್ರಿಯವಾಯಿತು. 2017ರ 'ಎ ಕ್ರಿಸ್‌ಮಸ್ ಪ್ರಿನ್ಸ್' ಮೂಲಕ ನೆಟ್‌ಫ್ಲಿಕ್ಸ್ ಕೂಡ ಇದೇ ಹಾದಿ ಹಿಡಿಯಿತು. ಚಿತ್ರೀಕರಣ ಹೆಚ್ಚಾಗಿ ಕೆನಡಾದಲ್ಲಿ, ಎರಡು-ಮೂರು ವಾರಗಳೊಳಗೆ, ಹಲವೊಮ್ಮೆ ಬೇಸಿಗೆಯಲ್ಲೇ ಕೃತಕ ಹಿಮ ಹರಡಿ ನಡೆಯುತ್ತದೆ. ನಗರದ ಉದ್ಯೋಗಸ್ಥೆ ಹುಟ್ಟೂರಿಗೆ ಮರಳಿ ಪ್ರೀತಿ ಕಂಡುಕೊಳ್ಳುವುದು ರೂಢಿಯ ಕಥಾಹಂದರ. ಸುಖಾಂತ್ಯ ಮೊದಲೇ ಖಚಿತವಾದ್ದರಿಂದ ಚಿತ್ರದ ಭಾರವೆಲ್ಲ ಜೋಡಿಯ ಸಹಜ ಸೆಳೆತ ಹಾಗೂ ಸಂಭಾಷಣೆಯ ಮೇಲಿರುತ್ತದೆ. ನಾಯಕಿಯ ದುಡಿಮೆ, ಮನೆಯವರ ಅಗಲಿಕೆಯ ನೋವು ನಿಜವೆನಿಸಿದರೆ ಅಗ್ಗದ ಅಲಂಕಾರ ಕೊರತೆಯಾಗಿ ಕಾಣದು. ಒಂದೇ ಮಾತಿನಲ್ಲಿ ಬಗೆಹರಿಯುವ ತಪ್ಪುಗ್ರಹಿಕೆಯನ್ನು ಎಳೆದಾಡಿದಾಗ ಮಾತ್ರ ನಟರು ಕುಡಿದಂತೆ ನಟಿಸುವ ಖಾಲಿ ಕಾಫಿ ಲೋಟ, ಹಸಿರು ಮರಗಳ ಮೇಲಿನ ನೊರೆಹಿಮ ಕಣ್ಣಿಗೆ ರಾಚುತ್ತವೆ.