ಕಿಟ್ಟೆಲ್ ಕೋಶವನ್ನು ಹೈದರಾಬಾದಿನಲ್ಲಿ ತೆರೆದಾಗ

ಹೈದರಾಬಾದಿನ ಕನ್ನಡ ಮನೆಗಳಲ್ಲಿ ಮಗು 'ಪಾಲು' ಎಂದರೆ ನಾವು ಕೂಡಲೇ 'ಹಾಲು' ಎಂದು ತಿದ್ದುತ್ತೇವೆ. ಬೀದಿಯ ತೆಲುಗು ಮನೆಯ ಕನ್ನಡವನ್ನು ನುಂಗೀತೆಂಬ ಅಳುಕು ಹೊರನಾಡಿಗರಾದ ನಮ್ಮೆಲ್ಲರಿಗೂ ಉಂಟು. ಆದರೆ ಫರ್ಡಿನೆಂಡ್ ಕಿಟ್ಟೆಲರ ನಿಘಂಟನ್ನು ತೆರೆದರೆ ಹಳಗನ್ನಡದ 'ಪಾಲ್' ಎದುರಾಗುತ್ತದೆ. 'ಪುಲಿ' ಹುಲಿಯಾದಂತೆ, 'ಪೂ' ಹೂವಾದಂತೆ 'ಪಾಲ್' ಹಾಲಾಯಿತು. ಪರರದೆಂದು ನಾವು ತಿದ್ದಿದ ಮಾತು ನಮ್ಮ ಹಿರಿಯರದೂ ಆಗಿತ್ತು.

ಇದನ್ನು ನಮಗೆ ತೋರಿಸಿಕೊಟ್ಟವರು ಒಬ್ಬ ಕ್ರೈಸ್ತ ಪಾದ್ರಿ. 1832ರಲ್ಲಿ ಜರ್ಮನಿಯ ಪೂರ್ವ ಫ್ರೀಸಿಯಾ ಪ್ರಾಂತದಲ್ಲಿ ಜನಿಸಿದ ಕಿಟ್ಟೆಲರು 1853ರಲ್ಲಿ ಬಾಸೆಲ್ ಮಿಶನ್ನಿನ ಮೂಲಕ ಕನ್ನಡ ನಾಡಿಗೆ ಬಂದರು. ಬಂದ ಉದ್ದೇಶ ಮತಪ್ರಚಾರ. ಅದನ್ನು ಅವರು ಮರೆಮಾಚಲಿಲ್ಲ, ನಾವೂ ಮರೆಮಾಚಬೇಕಿಲ್ಲ. ಆ ಶ್ರದ್ಧೆಯೇ ಅವರನ್ನು ಕಾವ್ಯದತ್ತ ಕರೆದೊಯ್ಯಿತು. 1862ರ 'ಕಥಾಮಾಲೆ'ಯಲ್ಲಿ ಅವರು ಏಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿಗೆ ಅಳವಡಿಸಿದರು. ದೂರದೇಶದ ಕಥೆ ಇಲ್ಲಿಯವರ ಕಿವಿಗೆ ಒಗ್ಗಬೇಕಾದರೆ ಅದರ ನಡೆ ಇಲ್ಲಿಯದೇ ಆಗಬೇಕೆಂಬ ಅರಿವು ಆ ಕಲ್ಪನೆಯ ಹಿಂದಿತ್ತು.

ಲಯವನ್ನು ಬಳಸಹೊರಟವರು ಅದರ ಶಾಸ್ತ್ರವನ್ನೂ ಅರಸಿದರು. 1872ರಲ್ಲಿ ಜೈನ ವೈಯಾಕರಣ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿ ಪ್ರಕಟಿಸಿದರು. ಸುಮಾರು ಎರಡು ದಶಕಗಳ ದುಡಿಮೆಯ ಬಳಿಕ, 1894ರಲ್ಲಿ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಬೆಳಕು ಕಂಡಿತು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂದಿತು. ಅದೇ ವರ್ಷ ಅವರು ತೀರಿಕೊಂಡರು.

ಧರ್ಮಪ್ರಚಾರಕನು ತನಗೆ ಸತ್ಯವೆಂದು ತೋರಿದ್ದನ್ನು ಆರಿಸಿಕೊಂಡು ಹೇಳಬಹುದು. ನಿಘಂಟುಕಾರನಿಗೆ ಆ ಸ್ವಾತಂತ್ರ್ಯವಿಲ್ಲ. ಜಿನ, ಲಿಂಗ, ವಿಷ್ಣು, ಊರಮಾರಿ ಎಲ್ಲಕ್ಕೂ ಅವನು ಅರ್ಥ ಬರೆಯಬೇಕು. ಪಂಪನ ಪದಕ್ಕೂ ಹೊಲದ ಗಾದೆಗೂ ಸ್ಥಳ ಕೊಡಬೇಕು. ಕಿಟ್ಟೆಲರು ಆ ಶಿಸ್ತಿಗೆ ತಲೆಬಾಗಿದರು. ಅವರ ಶ್ರದ್ಧೆ ಕಡಿಮೆಯಾಗಿತ್ತೆಂದು ನಾವು ಊಹಿಸಬೇಕಾಗಿಲ್ಲ. ಅಷ್ಟು ವರ್ಷ ಒಂದೊಂದು ಪದದ ಮುಂದೆ ಕೂರುವ ತಾಳ್ಮೆಯನ್ನು ಆ ಶ್ರದ್ಧೆಯೇ ಕೊಟ್ಟಿರಬಹುದು.

ಕನ್ನಡ ಪದಗಳ ಪಕ್ಕದಲ್ಲಿ ಅವರು ತೆಲುಗು, ತಮಿಳು, ಮಲಯಾಳ, ತುಳು ರೂಪಗಳನ್ನೂ ಇಟ್ಟರು. ಸಂಸ್ಕೃತದವೆಂದು ಭಾವಿಸಲಾದ ಹಲವು ಪದಗಳಿಗೆ ದ್ರಾವಿಡ ಮೂಲವಿದೆಯೆಂದು ವಾದಿಸಿದರು. ಅವುಗಳಲ್ಲಿ ಕೆಲವನ್ನು ಮುಂದಿನ ವಿದ್ವಾಂಸರು ಒಪ್ಪದಿರಬಹುದು. ಆದರೆ ಭಾಷೆಗಳನ್ನು ನೆರೆಹೊರೆಯಲ್ಲಿಟ್ಟು ನೋಡುವ ಆ ಕ್ರಮ ನಮ್ಮಂಥವರಿಗೆ ಇಂದಿಗೂ ಬೇಕು. ಕನ್ನಡವನ್ನು ಉಳಿಸಿಕೊಳ್ಳಲು ತೆಲುಗಿಗೆ ಬಾಗಿಲು ಹಾಕಬೇಕಿಲ್ಲವೆಂದು ಆ ಪುಟಗಳು ಹೇಳುತ್ತವೆ. ಮುಂದಿನ ಸಲ ಮಗು 'ಪಾಲು' ಎಂದಾಗ ತಿದ್ದುವುದಕ್ಕೆ ಮೊದಲು ಅದನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೋಶವನ್ನು ತೆರೆಯೋಣ.